ಕರೆಂಟು ಹೋದರೆ ಮನೆಗೆ ಎಷ್ಟು ನಷ್ಟ? ಲೆಕ್ಕ ಹಾಕುವ ಬಗೆ

ಬಿಲ್ಲಿನಲ್ಲಿ ಕಾಣುವುದು ಬಳಸಿದ ಯೂನಿಟ್ಟಿನ ದರ. ಬೇಕಾದ ಹೊತ್ತಿಗೆ ಸಿಗದೆ ಹೋದ ಯೂನಿಟ್ಟಿನ ಬೆಲೆ ಬೇರೆ, ಸಾಮಾನ್ಯವಾಗಿ ಅದು ದರದ ಹಲವು ಪಟ್ಟು. ಇನ್ವರ್ಟರ್ ಬೇಕೇ, ಎಷ್ಟು ದೊಡ್ಡದು ಬೇಕು ಎಂದು ತೀರ್ಮಾನಿಸಲು ತಿಳಿಯಬೇಕಾದ್ದು ಈ ಎರಡನೆಯದನ್ನು.

ಒಂದು ತಿಂಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿ: ಎಷ್ಟು ಗಂಟೆಗೆ ಹೋಯಿತು, ಯಾವಾಗ ಬಂತು, ಮೊದಲೇ ತಿಳಿಸಿದ್ದರೇ, ಯಾವ ಕೆಲಸ ನಿಂತಿತು. ಒಟ್ಟು ಗಂಟೆಗಳನ್ನಷ್ಟೇ ಕೂಡಿಸಿದರೆ ಲೆಕ್ಕ ತಪ್ಪುತ್ತದೆ. 5 ನಿಮಿಷದಂತೆ 12 ಸಲ ಹೋದರೂ ಒಂದು ಗಂಟೆಯೇ, ಆದರೆ ಕಂಪ್ಯೂಟರಿನ ಕೆಲಸ 12 ಸಲ ಕೆಡುತ್ತದೆ. ಫ್ರಿಜ್ಜಿನ ಕಂಪ್ರೆಸರಿಗೂ ಇದು ಕೆಟ್ಟದ್ದು. ಗ್ಯಾಸಿನ ಒತ್ತಡ ಇಳಿಯುವ ಮೊದಲೇ ಕರೆಂಟು ಬಂದರೆ ಅದು ತಿರುಗಲಾರದೆ ತಿಣುಕಿ ಬಿಸಿಯಾಗುತ್ತದೆ. ಒಳಗಿನ ಆಹಾರದ ವಿಚಾರ ತಿರುಗುಮುರುಗು: ಬಾಗಿಲು ತೆರೆಯದಿದ್ದರೆ ಸುಮಾರು 4 ಗಂಟೆ ಏನೂ ಆಗದು, ನಷ್ಟ ಶುರುವಾಗುವುದು ಆಮೇಲೆ.

ಸಿಗದೆ ಹೋದ ಯೂನಿಟ್ಟುಗಳನ್ನು ಅಂದಾಜು ಮಾಡುವುದು ಸುಲಭ. ಕರೆಂಟು ಇರುವ ದಿನ ಅದೇ ಹೊತ್ತಿನಲ್ಲಿ, ಉದಾಹರಣೆಗೆ ಸಂಜೆ 7ಕ್ಕೂ 8ಕ್ಕೂ, ಮೀಟರ್ ಓದಿ ವ್ಯತ್ಯಾಸ ತೆಗೆಯಿರಿ. ಕೆಟ್ಟ ಆಹಾರ, ತಪ್ಪಿದ ಸಂಪಾದನೆ, ಜನರೇಟರಿನ ಎಣ್ಣೆ, ಕರೆಂಟು ಹೋಗಿ ಬಂದು ಕೆಟ್ಟ ಸಾಮಾನಿನ ರಿಪೇರಿ ಎಲ್ಲ ಕೂಡಿಸಿ ಆ ಯೂನಿಟ್ಟುಗಳಿಂದ ಭಾಗಿಸಿ; ಸಿಗದೆ ಹೋದ ಒಂದು ಯೂನಿಟ್ಟಿನ ಬೆಲೆ ಅದೇ. ಕರೆಂಟು ಬಂದ ಮೇಲೆ ಮಾಡಿ ಮುಗಿಸಬಹುದಾದ ಇಸ್ತ್ರಿ, ಬಟ್ಟೆ ಒಗೆತವನ್ನು ನಷ್ಟಕ್ಕೆ ಸೇರಿಸಬೇಡಿ.

ಈಗಾಗಲೇ ಇನ್ವರ್ಟರ್ ಇದ್ದರೆ ಅದರ ವಾರ್ಷಿಕ ಖರ್ಚು ಹಾಕಿ: ಬ್ಯಾಟರಿ, ಇನ್ವರ್ಟರ್ ಎರಡರ ಬೆಲೆಯನ್ನೂ ಅವುಗಳ ಬಾಳಿಕೆಯ ವರ್ಷಗಳಿಂದ ಭಾಗಿಸಿ, ಚಾರ್ಜಿಂಗ್ ಖರ್ಚು ಕೂಡಿಸಿ. ಲೆಡ್ ಆಸಿಡ್ ಬ್ಯಾಟರಿಯಿಂದ 1 ಯೂನಿಟ್ ಪಡೆಯಲು ಸುಮಾರು ಒಂದೂವರೆ ಯೂನಿಟ್ ತುಂಬಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ಇನ್ವರ್ಟರ್ ತಪ್ಪಿಸಿದ ನಷ್ಟವನ್ನೂ ಇನ್ವರ್ಟರಿನ ಖರ್ಚನ್ನೂ ಎರಡೂ ಸೇರಿಸುತ್ತಾರೆ. ಒಂದನ್ನು ಬಿಡಬೇಕು.

250 ವ್ಯಾಟ್ ಲೋಡು, ದಿನಾ 2 ಗಂಟೆ ಎಂದರೆ ವರ್ಷಕ್ಕೆ ಸುಮಾರು 180 ಯೂನಿಟ್. ತಿಂಗಳಿಗೆ 3 ಸಲ ಮಾತ್ರ, ಎರಡೆರಡು ಗಂಟೆ ಹೋಗುವಲ್ಲಿ 18 ಯೂನಿಟ್. ಕಡಿಮೆ ಬಳಸಿದ ಬ್ಯಾಟರಿ ತುಸು ಹೆಚ್ಚು ಬಾಳೀತು, ಹತ್ತು ಪಟ್ಟಂತೂ ಬಾಳದು. ಹಾಗಾಗಿ ಕರೆಂಟು ಅಪರೂಪಕ್ಕೆ ಹೋಗುವ ಮನೆಯಲ್ಲಿ ಬ್ಯಾಟರಿಯ ಒಂದೊಂದು ಯೂನಿಟ್ಟೂ ವಿಪರೀತ ದುಬಾರಿ. ಅಲ್ಲಿ ರೂಟರಿಗೊಂದು ಪುಟ್ಟ ಯುಪಿಎಸ್, ಒಂದೆರಡು ರೀಚಾರ್ಜ್ ದೀಪ ಸಾಕು.

ದೊಡ್ಡದೇ ಬೇಕೆಂದರೆ 12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಅವರ್, ಅಂದರೆ 1.8 ಯೂನಿಟ್ ಇರುತ್ತದೆ. ಬಾಳಿಕೆಗಾಗಿ ಅರ್ಧವಷ್ಟೇ ಬಳಸಿ, ಇನ್ವರ್ಟರಿನ ಶೇ. 15ರ ನಷ್ಟ ಕಳೆದರೆ ಉಳಿಯುವುದು 765 ವ್ಯಾಟ್-ಅವರ್. ಅಂದರೆ 250 ವ್ಯಾಟಿಗೆ 3 ಗಂಟೆ. ಆ 150ರ ಲೆಕ್ಕ ಬಹುತೇಕ 20 ಗಂಟೆಯ ನಿಧಾನ ಬಳಕೆಯದ್ದು, ಬೇಗ ಎಳೆದರೆ ಇನ್ನೂ ಕಡಿಮೆ ಸಿಗುತ್ತದೆ.

ವೋಲ್ಟೇಜ್ ಏರಿಳಿತದಿಂದ ಆಗುವ ಹಾನಿಯನ್ನು ಬೇರೆ ಕಾಲಂನಲ್ಲಿ ಬರೆಯಿರಿ. ಅದಕ್ಕೆ ಮದ್ದು ಸ್ಟೆಬಿಲೈಜರ್. ಬ್ಯಾಟರಿಗೆ ಸುರಿದ ಹಣ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಕತ್ತಲು, ಸೆಕೆ, ನಿದ್ದೆಗೇಡಿಗೆ ರಸೀದಿ ಸಿಗುವುದಿಲ್ಲ. ಮನೆಯವರನ್ನೇ ಕೇಳಿ, ಆದರೆ ‘ಕರೆಂಟು ಹೋಗದಿರಲು ತಿಂಗಳ ಬಿಲ್ಲಿನ ಮೇಲೆ ಎಷ್ಟು ಹೆಚ್ಚು ಕೊಡುತ್ತೀರಿ?’ ಎಂದು ಕೇಳಿ. ‘ಹೋದರೆ ಎಷ್ಟು ಪರಿಹಾರ ಬೇಕು?’ ಎಂದರೆ ಉತ್ತರ ತೀರಾ ಮೇಲೇರುತ್ತದೆ. ಕೊಡುವ ಕೈಯೂ ಪಡೆಯುವ ಕೈಯೂ ಒಂದೇ ತಕ್ಕಡಿ ಹಿಡಿಯುವುದಿಲ್ಲ. ರಾತ್ರಿಗೆ, ಹಗಲಿಗೆ ಬೇರೆ ಬೇರೆಯಾಗಿ ಕೇಳಿ. ಆಮ್ಲಜನಕದ ಯಂತ್ರದಂತಹ ಉಪಕರಣ ಮನೆಯಲ್ಲಿದ್ದರೆ ಈ ಲೆಕ್ಕ ಪಕ್ಕಕ್ಕಿಟ್ಟು ಮೊದಲು ಅದಕ್ಕೆ ಬ್ಯಾಕಪ್ ಮಾಡಿಸಿ.