ಮನೇಲೇ ಹಣ್ಣು ರೋಸ್ಟ್ ಮಾಡಿ ಟಾಪಿಂಗ್ ಮಾಡೋದು ಹೇಗೆ

ಐಸ್‌ಕ್ರೀಮ್ ಮೇಲೆ, ಗಟ್ಟಿ ಮೊಸರಿನ ಮೇಲೆ, ಓಟ್ಸ್ ಮೇಲೆ, ಪ್ಯಾನ್‌ಕೇಕ್ ಮೇಲೆ ಹಾಕ್ಕೊಳ್ಳೋಕೆ ಹಣ್ಣಿನ ಟಾಪಿಂಗ್ ಬೇಕು ಅಂದ್ರೆ ಬಾಟಲಿ ಸಿರಪ್ ತರೋದೇ ಬೇಡ, ಹಣ್ಣು ಹೆಚ್ಚಿ ಸ್ವಲ್ಪ ಸಕ್ಕರೆ, ನಿಂಬೆರಸ ಹಾಕಿ ಓವನ್‌ಗೆ ಇಟ್ರೆ ಅರ್ಧ ಗಂಟೇಲಿ ಆಗೋಗತ್ತೆ. ನಾವು ಮಾಡೋ ಕೆಲಸ ಅಂತ ಇರೋದು ಮೊದಲ ಹತ್ತು ನಿಮಿಷ ಮಾತ್ರ. ಆದ್ರೂ ಇಷ್ಟು ಸುಲಭದ್ದು ಎಷ್ಟೋ ಜನಕ್ಕೆ ನೀರುನೀರಾಗಿ, ಪೇಲವವಾಗಿ ಬರತ್ತೆ, ಕಾರಣ ಹುಡುಕ್ತಾ ಹೋದ್ರೆ ಹೆಚ್ಚಾಗಿ ಒಂದೇ ಸಿಗತ್ತೆ: ಚಿಕ್ಕ ಪಾತ್ರೇಲಿ ಹಣ್ಣನ್ನ ಒಂದರ ಮೇಲೊಂದು ತುಂಬಿಟ್ಟಿರ್ತಾರೆ. ಹಾಗಾಗಿ ಅಳತೆ ಹೇಳೋಕ್ಕಿಂತ ಮುಂಚೆ ಇದನ್ನೇ ಹೇಳ್ಬಿಡ್ತೀನಿ, ಹಣ್ಣಿಗೆ ಜಾಗ ಕೊಡಿ, ಟ್ರೇ ಎಷ್ಟು ಅಗಲ ಇದ್ರೆ ಅಷ್ಟು ಒಳ್ಳೇದು.

ಯಾಕೆ ಅಂದ್ರೆ, ಹಣ್ಣಿನ ತೂಕದಲ್ಲಿ ಬಹುಪಾಲು ನೀರೇ. ಸ್ಟ್ರಾಬೆರೀಲಿ ಶೇಕಡ 90ರಷ್ಟು, ಸೇಬು ಅನಾನಸ್‌ನಲ್ಲಿ 85ರ ಆಸುಪಾಸು, ದ್ರಾಕ್ಷೀಲಿ 80ರ ಆಸುಪಾಸು. ರೋಸ್ಟ್ ಮಾಡೋದು ಅಂದ್ರೆ ಈ ನೀರಲ್ಲಿ ಒಂದಷ್ಟನ್ನ ಓಡಿಸಿ, ಉಳಿದ ಸಿಹಿ ಹುಳಿ ಪರಿಮಳ ಎಲ್ಲಾ ಗಟ್ಟಿಯಾಗೋ ಹಾಗೆ ಮಾಡೋದು. ಹಣ್ಣಿನ ಮೇಲೆ ನೀರು ಇರೋವರೆಗೂ ಓವನ್ 200 ಡಿಗ್ರೀಲಿ ಇದ್ರೂ ಹಣ್ಣಿನ ಮೈ 100 ಡಿಗ್ರಿ ದಾಟಲ್ಲ, ಮೇಲ್ಮೈ ಒಣಗಿದ ಮೇಲೇನೇ ಅಂಚು ಕಂದು ಬಣ್ಣಕ್ಕೆ ತಿರುಗಿ ಆ ಕ್ಯಾರಮೆಲ್ ತರದ ರುಚಿ ಹುಟ್ಟೋದು. ಒತ್ತೊತ್ತಾಗಿ ತುಂಬಿದ್ರೆ ಕೆಳಗಿನ ಹಬೆ ಮೇಲೆ ಹೋಗೋಕೆ ದಾರಿನೇ ಇಲ್ದೆ ಹಣ್ಣು ತನ್ನ ರಸದಲ್ಲೇ ಕುದ್ದು ಬೆಂದುಹೋಗತ್ತೆ. ಹಾಗೆ ಬೆಂದಿದ್ದೂ ತಿನ್ನೋಕೆ ಚೆನ್ನಾಗೇ ಇರತ್ತೆ, ಆದ್ರೆ ಅದು ಬೇರೆ ಪದಾರ್ಥ, ನಾವು ಹುಡುಕ್ತಿರೋ ರುಚಿ ಅದಲ್ಲ.

ಅಳತೆ ಹೀಗಿಟ್ಕೊಳ್ಳಿ: ಹೆಚ್ಚಿದ ಹಣ್ಣು 500 ಗ್ರಾಂ, ಸಕ್ಕರೆ 2 ಟೇಬಲ್ ಚಮಚ ಅಂದ್ರೆ ಸುಮಾರು 25 ಗ್ರಾಂ, ನಿಂಬೆರಸ 2 ಟೀ ಚಮಚ, ಒಂದು ಚಿಟಿಕೆ ಉಪ್ಪು. ಅಷ್ಟೇ. ಹಣ್ಣು ತುಂಬಾ ಸಿಹಿ ಇದ್ರೆ ಸಕ್ಕರೆ ಒಂದೇ ಚಮಚ ಸಾಕು, ಪ್ಲಮ್ ತರ ಹುಳಿ ಇದ್ರೆ ಮೂರು ಹಾಕಿ, ನಿಂಬೆ ಕಮ್ಮಿ ಮಾಡಿ. ಉಪ್ಪು ಬಿಡ್ಬೇಡಿ ಪ್ಲೀಸ್, ಉಪ್ಪು ಅಂತ ಗೊತ್ತಾಗಲ್ಲ ಆದ್ರೆ ಸಿಹಿ ಎದ್ದು ಕಾಣತ್ತೆ. ಇಷ್ಟಕ್ಕೆ 33 ಸೆಂಟಿಮೀಟರ್ ಉದ್ದ, 23 ಸೆಂಟಿಮೀಟರ್ ಅಗಲದ ಟ್ರೇ ಸರಿಹೋಗತ್ತೆ, ಹೋಳುಗಳ ಮಧ್ಯೆ ಟ್ರೇ ತಳ ಅಲ್ಲಲ್ಲಿ ಕಾಣ್ತಿರ್ಬೇಕು. ಕಾಣ್ತಿಲ್ಲ ಅಂದ್ರೆ ಎರಡು ಟ್ರೇ ಮಾಡ್ಕೊಳ್ಳಿ. ಬರಿ ಅಲ್ಯೂಮಿನಿಯಂ ಟ್ರೇ ಅಥವಾ ಫಾಯಿಲ್ ಮೇಲೆ ನೇರವಾಗಿ ಹಾಕ್ಬೇಡಿ, ಹಣ್ಣಿನ ಹುಳಿ ಅದರ ಜೊತೆ ಸೇರಿ ಲೋಹದ ರುಚಿ ಬರತ್ತೆ. ಗಾಜು, ಪಿಂಗಾಣಿ, ಸ್ಟೀಲ್ ಆಗತ್ತೆ, ಇಲ್ಲಾಂದ್ರೆ ಮೇಲೆ ಬೇಕಿಂಗ್ ಪೇಪರ್ ಹಾಸಿ, ಅಂಚು ಸ್ವಲ್ಪ ಮೇಲಕ್ಕೆ ಮಡಚಿ, ರಸ ಹೊರಗೆ ಹೋಗಬಾರದು.

ಹಣ್ಣು ಯಾವುದು ಅಂತ ಕೇಳಿದ್ರೆ, ಸ್ಟ್ರಾಬೆರಿ, ಬೀಜ ಇಲ್ಲದ ದ್ರಾಕ್ಷಿ, ಪ್ಲಮ್, ಪೀಚ್, ಏಪ್ರಿಕಾಟ್, ಚೆರ್ರಿ, ಅನಾನಸ್, ಸೇಬು, ಪೇರ್, ಅಂಜೂರ ಎಲ್ಲಾ ಚೆನ್ನಾಗಿ ಬರತ್ತೆ. ಕಲ್ಲಂಗಡಿ ಬೇಡವೇ ಬೇಡ, ಅದರಲ್ಲಿ ನೀರು ಹೋದ್ರೆ ಉಳಿಯೋದೇ ಕಮ್ಮಿ. ಹಣ್ಣಾಗಿರ್ಬೇಕು ಆದ್ರೆ ಒತ್ತಿದ್ರೆ ಸ್ವಲ್ಪ ಗಟ್ಟಿ ಇರ್ಬೇಕು, ಕಳಿತ ಹಣ್ಣು ಓವನ್‌ನಲ್ಲಿ ಆಕಾರ ಬಿಟ್ಟು ಮುದ್ದೆ ಆಗತ್ತೆ. ಈ ಅಡುಗೆ ನನಗೆ ಇಷ್ಟ ಆಗೋದು ಇನ್ನೊಂದು ಕಾರಣಕ್ಕೆ, ನೋಡೋಕೆ ಚೆನ್ನಾಗಿದ್ದು ತಿಂದ್ರೆ ಸಪ್ಪೆ ಇರೋ ಹಣ್ಣು ತಂದ್ಬಿಟ್ಟಿರ್ತೀವಲ್ಲ, ಅಂಥದ್ದಕ್ಕೆ ಇದಕ್ಕಿಂತ ಒಳ್ಳೇ ಉಪಯೋಗ ಇನ್ನೊಂದಿಲ್ಲ, ಇರೋ ಚೂರು ರುಚಿನೇ ಗಟ್ಟಿಯಾಗಿ ಮೇಲೆ ಬರತ್ತೆ. ಆದ್ರೆ ಬೂಸ್ಟು ಬಂದಿದ್ದು, ಹುಳಿ ವಾಸನೆ ಹೊಡೀತಿರೋದು ಎಸೀರಿ, ರೋಸ್ಟ್ ಮಾಡಿದ್ರೂ ಅದು ಸರಿಹೋಗಲ್ಲ.

ತೊಳೆದ ಮೇಲೆ ಬಟ್ಟೇಲಿ ಚೆನ್ನಾಗಿ ಒರೆಸಿ, ಮೇಲಿನ ನೀರನ್ನೂ ಓವನ್ನೇ ಒಣಗಿಸ್ಬೇಕಾಗತ್ತೆ ಇಲ್ಲಾಂದ್ರೆ. ಸ್ಟ್ರಾಬೆರಿ ಎರಡು ಹೋಳು, ಚಿಕ್ಕದಿದ್ರೆ ಇಡೀದು. ದ್ರಾಕ್ಷಿ ಇಡೀದೇ. ಚೆರ್ರಿ ಬೀಜ ತೆಗೀಲೇಬೇಕು. ಪ್ಲಮ್ ಪೀಚ್ ಏಪ್ರಿಕಾಟ್ ಎಲ್ಲಾ ಬೀಜ ತೆಗೆದು ಅರ್ಧ ಅಥವಾ ಕಾಲು ಮಾಡಿ, ಕತ್ತರಿಸಿದ ಬದಿ ಮೇಲಕ್ಕೆ ಬರೋ ಹಾಗೆ ಇಡಿ, ಆಗ ಅದರ ಮೇಲೇನೇ ಬಣ್ಣ ಬರತ್ತೆ, ರಸ ಆ ಗುಂಡೀಲೇ ನಿಂತು ಸಿರಪ್ ಆಗತ್ತೆ. ಅನಾನಸ್, ಸೇಬು, ಪೇರ್ 2 ಸೆಂಟಿಮೀಟರ್ ಹೋಳು, ಎಲ್ಲಾ ಒಂದೇ ಸೈಜ್ ಇರ್ಲಿ. ಎರಡು ತರ ಹಣ್ಣು ಸೇರಿಸ್ತೀರಾ ಅಂದ್ರೆ ಗಟ್ಟಿ ಹಣ್ಣು ಮೊದಲು ಹೋಗ್ಲಿ, 15 ನಿಮಿಷ ಆದ್ಮೇಲೆ ಮೆತ್ತಂದು ಸೇರಿಸಿ. ಸೇಬು ಸ್ಟ್ರಾಬೆರಿ ಒಟ್ಟಿಗೆ ಹಾಕಿದ್ರೆ ಸೇಬು ಬೇಯೋ ಹೊತ್ತಿಗೆ ಸ್ಟ್ರಾಬೆರಿ ಕರಗೋಗಿರತ್ತೆ.

ಈಗ ಓವನ್ ಆನ್ ಮಾಡಿ, 200 ಡಿಗ್ರಿ, ಫ್ಯಾನ್ ಇರೋ ಮೋಡ್ ಆದ್ರೆ 180. ಓವನ್ ಬಿಸಿ ಆಗೋ ಹತ್ತು ಹದಿನೈದು ನಿಮಿಷ ಹಣ್ಣಿಗೆ ಸಕ್ಕರೆ, ನಿಂಬೆ, ಉಪ್ಪು ಕಲಸಿ ಟ್ರೇಲೇ ಬಿಡಿ. ಸಕ್ಕರೆ ಹಣ್ಣಿನ ರಸ ಹೊರಗೆ ಎಳೆಯತ್ತೆ, ಆ ರಸದಲ್ಲಿ ತಾನೇ ಕರಗತ್ತೆ, ಹೀಗೆ ಕರಗಿ ಹೋಗಿದ್ರೆ ಓವನ್‌ನಲ್ಲಿ ಎಲ್ಲಾ ಕಡೆ ಸಮನಾಗಿ ಹರಡತ್ತೆ, ಒಣ ಸಕ್ಕರೆ ಒಂದೇ ಕಡೆ ಸುಡೋ ತಾಪತ್ರಯ ಇರಲ್ಲ. ಸಕ್ಕರೆ ಬದಲು ಜೇನುತುಪ್ಪ ಹಾಕೋರು ಉರಿ 10 ಡಿಗ್ರಿ ಕಮ್ಮಿ ಇಡಿ, ಜೇನಲ್ಲಿ ಫ್ರಕ್ಟೋಸ್ ಜಾಸ್ತಿ, ಸಕ್ಕರೆಗಿಂತ ಬೇಗ ಕೆಂಪಾಗತ್ತೆ. ಒಂದು ವರ್ಷದೊಳಗಿನ ಮಗು ತಿನ್ನೋದಾದ್ರೆ ಜೇನು ಬೇಡ, ಬೇಯಿಸಿದ್ರೂ ಬೇಡ.

ಟ್ರೇ ಮಧ್ಯದ ರ‍್ಯಾಕ್‌ನಲ್ಲಿ ಇಡಿ. ಸ್ಟ್ರಾಬೆರಿ 20ರಿಂದ 25 ನಿಮಿಷ, ದ್ರಾಕ್ಷಿ ಪ್ಲಮ್ ಪೀಚ್ 25ರಿಂದ 30, ಅನಾನಸ್ ಸೇಬು ಪೇರ್ 30ರಿಂದ 40. ಅರ್ಧ ದಾರೀಲಿ ಒಂದೇ ಒಂದು ಸಲ ಮೆಲ್ಲಗೆ ತಿರುವಿ, ಅರ್ಧ ಮಾಡಿ ಇಟ್ಟ ಪೀಚು ಪ್ಲಮ್ಮಿಗೆ ಅದೂ ಬೇಡ, ಚಮಚದಲ್ಲಿ ರಸ ಎತ್ತಿ ಮೇಲೆ ಸುರಿದ್ರೆ ಸಾಕು. ಪದೇ ಪದೇ ಬಾಗಿಲು ತೆಗೆದು ಕೆದಕ್ತಾ ಇದ್ರೆ ಬಿಸಿನೂ ಹೋಗತ್ತೆ, ಹಣ್ಣೂ ಒಡೆಯತ್ತೆ.

ಈ ನಿಮಿಷದ ಲೆಕ್ಕ ಅಂದಾಜು ಅಷ್ಟೇ, ಒಂದೊಂದು ಓವನ್ ಒಂದೊಂದು ತರ, ಕಣ್ಣಿಟ್ಟು ನೋಡ್ಬೇಕಾಗಿರೋದು ರಸವನ್ನ. ಮೊದಮೊದಲು ರಸ ತೆಳ್ಳಗಿರತ್ತೆ, ಗುಳ್ಳೆ ಚಿಕ್ಕಚಿಕ್ಕದಾಗಿ ಚಟಪಟ ಅಂತ ಬೇಗ ಬೇಗ ಒಡೀತಿರತ್ತೆ. ಆಮೇಲೆ ಗುಳ್ಳೆ ದೊಡ್ಡದಾಗಿ, ನಿಧಾನವಾಗಿ, ಹೊಳೀತಾ ಏಳತ್ತೆ, ಅಂದ್ರೆ ನೀರು ಹೋಗಿ ಸಿರಪ್ ಆಗಿದೆ ಅಂತ. ಹಣ್ಣಿನ ಅಂಚು ಗಾಢ ಬಣ್ಣಕ್ಕೆ ತಿರುಗಿರತ್ತೆ, ಸೇಬು ಪೇರ್ ಆದ್ರೆ ಚಾಕು ಸಲೀಸಾಗಿ ಇಳಿಯತ್ತೆ. ಚಮಚದಲ್ಲಿ ಟ್ರೇ ತಳದ ಮೇಲೆ ಒಂದು ಗೆರೆ ಎಳೀರಿ, ಗೆರೆ ಮುಚ್ಚೋಕೆ ರಸ ಸ್ವಲ್ಪ ತಡ ಮಾಡಿದ್ರೆ ಆಯ್ತು, ತೆಗೀರಿ. ಇನ್ನೂ ಸ್ವಲ್ಪ ತೆಳ್ಳಗಿದೆ ಅನ್ನಿಸ್ವಾಗ್ಲೇ ತೆಗೆಯೋದು ಸರಿ, ಆರಿದ ಮೇಲೆ ಮತ್ತೂ ಗಟ್ಟಿ ಆಗತ್ತೆ. ಮೂಲೆ ಮೇಲೆ ನಿಗಾ ಇರ್ಲಿ, ಮೊದಲು ಸುಡೋದು ಹಣ್ಣಲ್ಲ, ಟ್ರೇ ಅಂಚಲ್ಲಿ ತೆಳ್ಳಗೆ ಹರಡಿರೋ ರಸ, ಅದು ಕಪ್ಪಾದ್ರೆ ಇಡೀ ಟ್ರೇಗೆ ಕಹಿ ಹತ್ತತ್ತೆ. ತೆಗೆದ ತಕ್ಷಣ ಬೆರಳಿಟ್ಟು ರುಚಿ ನೋಡ್ಬೇಡಿ, ಸಕ್ಕರೆ ಪಾಕ ಚರ್ಮಕ್ಕೆ ಅಂಟ್ಕೊಂಡು ಸುಡತ್ತೆ.

ರಸ ಚೆಲ್ಲೋರನ್ನ ಕಂಡ್ರೆ ನನಗೆ ನಿಜವಾಗ್ಲೂ ಸಂಕಟ ಆಗತ್ತೆ, ಈ ಟಾಪಿಂಗ್‌ನ ಜೀವ ಇರೋದೇ ಅದರಲ್ಲಿ. ತುಂಬಾ ತೆಳ್ಳಗಿದೆ ಅಂದ್ರೆ ತೂತಿನ ಸೌಟಲ್ಲಿ ಹಣ್ಣು ಎತ್ತಿಟ್ಟು, ರಸ ಮಾತ್ರ ಚಿಕ್ಕ ಪಾತ್ರೇಲಿ ಮೂರರಿಂದ ಐದು ನಿಮಿಷ ಕುದಿಸಿ ಆಮೇಲೆ ಹಣ್ಣಿನ ಮೇಲೆ ಸುರೀರಿ, ಹಣ್ಣನ್ನೂ ಸೇರಿಸಿ ಕುದಿಸಿದ್ರೆ ಪಟ್ಟ ಶ್ರಮ ಎಲ್ಲಾ ಹಾಳು. ಗಟ್ಟಿ ಆಗೋಯ್ತು ಅಂದ್ರೆ ಒಂದು ಚಮಚ ಬಿಸಿನೀರು ಸಾಕು. ಟ್ರೇಗೆ ಕಂದು ಬಣ್ಣದಲ್ಲಿ ಅಂಟಿರೋದಕ್ಕೂ ಒಂದೆರಡು ಚಮಚ ಬಿಸಿನೀರು ಹಾಕಿ ಕೆರೆದು ಸೇರಿಸಿ, ಕಪ್ಪಗಾಗಿದ್ರೆ ಮಾತ್ರ ಬಿಟ್ಬಿಡಿ. ಗಾಜಿನ ಟ್ರೇ ಆದ್ರೆ ಹುಷಾರು, ಬಿಸಿ ಗಾಜಿಗೆ ತಣ್ಣೀರು ಬಿದ್ರೆ, ಒದ್ದೆ ಕಟ್ಟೆ ಮೇಲೆ ಇಟ್ರೆ ಒಡೆದೇ ಹೋಗಬಹುದು, ಸ್ವಲ್ಪ ಆರಿದ ಮೇಲೆ ಈ ಕೆಲಸ ಮಾಡಿ.

ಪರಿಮಳಕ್ಕೆ ಏನೇನು ಅಂದ್ರೆ, ಚಕ್ಕೆ ಏಲಕ್ಕಿ ಶುಂಠಿ ಇಂಥವು ಮೊದಲೇ ಹಣ್ಣಿನ ಜೊತೆ ಹೋಗ್ಲಿ, ವೆನಿಲಾ, ನಿಂಬೆ ಸಿಪ್ಪೆ ತುರಿ, ಪುದೀನ ಇವೆಲ್ಲಾ ಓವನ್‌ನಿಂದ ತೆಗೆದ ಮೇಲೆ, ಯಾಕಂದ್ರೆ ಬಿಸೀಲಿ ಇವುಗಳ ಘಮ ಹಾರೋಗತ್ತೆ. ಸೇಬಿಗೆ ಚಕ್ಕೆ, ಅನಾನಸ್‌ಗೆ ಶುಂಠಿ, ಪೇರ್‌ಗೆ ಏಲಕ್ಕಿ. ಸ್ಟ್ರಾಬೆರಿಗೆ ಎರಡು ಸುತ್ತು ಕಾಳುಮೆಣಸು, ಒಂದ್ಸಲ ಮಾಡಿ ನೋಡಿ, ಖಾರ ಬರಲ್ಲ, ಹಣ್ಣಿನ ಘಮ ಜಾಸ್ತಿ ಆದ ಹಾಗೆ ಇರತ್ತೆ. ಆದ್ರೆ ಒಂದು ಟ್ರೇಗೆ ಒಂದೇ ಮಸಾಲೆ ಸಾಕು. ಬೆಣ್ಣೆ ಹಾಕ್ಬೇಕಾ ಅಂತ ಕೇಳೋರಿಗೆ, ಸೇಬಿಗೆ ಒಂದು ಟೀ ಚಮಚ ಹಾಕಿ ಬಿಸಿಬಿಸಿ ತಿಂದ್ರೆ ಸೊಗಸು, ಫ್ರಿಜ್‌ನಲ್ಲಿಟ್ಟು ತಣ್ಣಗೆ ತಿನ್ನೋದಾದ್ರೆ ಬೇಡ, ಬೆಣ್ಣೆ ಹೆಪ್ಪುಗಟ್ಟಿ ಮೇಲೆ ಬಿಳಿ ಬಿಳಿ ನಿಲ್ಲತ್ತೆ.

ಓವನ್ ಇಲ್ಲಾಂದ್ರೂ ಆಗತ್ತೆ. ಅಗಲವಾದ ದಪ್ಪ ತಳದ ಪ್ಯಾನ್ ಚೆನ್ನಾಗಿ ಕಾಯಿಸಿ, ಹಣ್ಣು ಒಂದೇ ಪದರ ಹರಡಿ, ಎರಡು ಮೂರು ನಿಮಿಷ ಮುಟ್ಟಬೇಡಿ, ಕೆಳಗೆ ಬಣ್ಣ ಬಂದ ಮೇಲೆ ತಿರುವಿ. ಇಲ್ಲಿ ಸಕ್ಕರೆ ಕೊನೇಲಿ ಹಾಕಿ, ನೇರ ಉರಿಗೆ ಸಕ್ಕರೆ ಬೇಗ ಹಿಡಿಯತ್ತೆ. ಒಟ್ಟು ಎಂಟು ಹತ್ತು ನಿಮಿಷದ ಕೆಲಸ. ಏರ್ ಫ್ರೈಯರ್ ಇದ್ರೆ ಒಳಗೆ ಹಿಡಿಸೋ ಚಿಕ್ಕ ಟಿನ್‌ನಲ್ಲಿ ಹಣ್ಣು ಹಾಕಿ 180 ಡಿಗ್ರಿ, 10ರಿಂದ 15 ನಿಮಿಷ, ಬರಿ ಜಾಲರಿ ಮೇಲೆ ಹಾಕಿದ್ರೆ ರಸ ಎಲ್ಲಾ ಕೆಳಗೆ ಸೋರಿ ಹೋಗತ್ತೆ. ಸಾದಾ ಮೈಕ್ರೋವೇವ್‌ನಲ್ಲಿ ಮಾತ್ರ ಇದು ಆಗಲ್ಲ, ಹಣ್ಣು ಬೇಯತ್ತೆ, ಬಣ್ಣ ಬರಲ್ಲ. ಕನ್ವೆಕ್ಷನ್ ಮೋಡ್ ಇದ್ರೆ ಓವನ್ ತರಾನೇ ಮಾಡಿ. ಫ್ರೋಜನ್ ಹಣ್ಣು ಇದ್ರೆ ಐಸ್ ಬಿಡಿಸೋಕೆ ಹೋಗ್ಬೇಡಿ, ಹಾಗೇ ಟ್ರೇಗೆ ಹಾಕಿ 220 ಡಿಗ್ರಿ ಇಟ್ಟು ಹತ್ತು ಹದಿನೈದು ನಿಮಿಷ ಜಾಸ್ತಿ ಬಿಡಿ, ರಸ ಹೆಚ್ಚಿಗೆ ಬರತ್ತೆ, ಆಕಾರ ಅಷ್ಟಾಗಿ ನಿಲ್ಲಲ್ಲ, ರುಚಿ ಚೆನ್ನಾಗೇ ಇರತ್ತೆ.

ಬಡಿಸುವಾಗ ಐಸ್‌ಕ್ರೀಮ್‌ಗೆ ಉಗುರು ಬೆಚ್ಚಗಿದ್ರೆ ಸಾಕು, ಮೊಸರಿಗೆ ಪೂರ್ತಿ ತಣ್ಣಗಾಗಿರ್ಲಿ. ಮೊಸರಿಗೆ ಅನಾನಸ್ ಹಾಕೋರಿಗೆ ರೋಸ್ಟ್ ಮಾಡೋದೇ ಒಳ್ಳೇದು, ಹಸಿ ಅನಾನಸ್‌ನಲ್ಲಿರೋ ಬ್ರೊಮೆಲೈನ್ ಅನ್ನೋ ಎನ್ಜೈಮ್ ಹಾಲಿನ ಪ್ರೋಟೀನ್ ಒಡೆದು ಸ್ವಲ್ಪ ಹೊತ್ತಲ್ಲೇ ಕಹಿ ಮಾಡತ್ತೆ, ಚೆನ್ನಾಗಿ ಬಿಸಿ ತಾಗಿದ್ರೆ ಅದರ ಆಟ ನಿಲ್ಲತ್ತೆ. ಕೇಕ್ ಮೇಲೆ ಹಾಕೋದಾದ್ರೆ ಹಣ್ಣು ಮಾತ್ರ ಮೇಲೆ ಜೋಡಿಸಿ, ಸಿರಪ್ ಪಕ್ಕದಲ್ಲಿ ಬೇರೆ ಇಡಿ, ಇಲ್ಲಾಂದ್ರೆ ಕೇಕ್ ನೆನೆದು ಕುಸಿಯತ್ತೆ.

ಉಳಿದಿದ್ದನ್ನ ಜ್ಯಾಮ್ ತರ ಹೊರಗೆ ಇಡೋ ಹಾಗಿಲ್ಲ, ಜ್ಯಾಮ್ ಕೆಡದೆ ಇರೋದು ಅದರಲ್ಲಿರೋ ಭಾರಿ ಸಕ್ಕರೆಯಿಂದ, ಇದರಲ್ಲಿ ಅಷ್ಟು ಇಲ್ಲವೇ ಇಲ್ಲ. ಆರಿಸಿ, ಎರಡು ಗಂಟೆ ಒಳಗೆ ಒಣ ಗಾಜಿನ ಡಬ್ಬಿಗೆ ಹಾಕಿ ಫ್ರಿಜ್‌ಗೆ ಇಡಿ, ನಾಲ್ಕೈದು ದಿನ ಬರತ್ತೆ, ಪ್ರತಿ ಸಲ ಒಣ ಚಮಚನೇ ಹಾಕಿ. ಜಾಸ್ತಿ ಮಾಡಿದ್ರೆ ಐಸ್ ಟ್ರೇಲಿ ತುಂಬಿ ಫ್ರೀಜ್ ಮಾಡಿ, ಗಟ್ಟಿ ಆದ್ಮೇಲೆ ಕವರ್‌ಗೆ ಹಾಕಿ ಗಾಳಿ ತೆಗೆದು ತಾರೀಖು ಬರೆದಿಡಿ, ಮೂರು ತಿಂಗಳು ರುಚಿ ಕೆಡಲ್ಲ, ಬೆಳಿಗ್ಗೆ ಓಟ್ಸ್ ಬಿಸಿ ಇರೋವಾಗ್ಲೇ ಎರಡು ತುಂಡು ಹಾಕಿ ಕಲಸಿದ್ರೆ ಅಲ್ಲೇ ಕರಗತ್ತೆ.