ಎಂಟು ಎಕರೆ ಕೆರೆಯಲ್ಲಿ ಎದುರಾಳಿಯನ್ನು ಬಲಕ್ಕೆ ತಳ್ಳಿದ್ದು

ಸುತ್ತ ಸಿಲ್ವರ್ ಓಕ್ ಇರುವ ಕೆರೆಯಲ್ಲಿ ಗಾಳಿಯ ಲೆಕ್ಕ ಸಿಗುವುದಿಲ್ಲ, ಅಲ್ಲಿ ಗೆಲ್ಲಿಸುವುದು ಅದೃಷ್ಟ ಮಾತ್ರ ಅಂತ ಕೊಡಗಿನ ಅಮ್ಮತ್ತಿ, ಸಿದ್ದಾಪುರ ಕಡೆಯ ನಮ್ಮ ಹಾಯಿದೋಣಿ ಗೆಳೆಯರೆಲ್ಲ ಹೇಳುತ್ತಲೇ ಬಂದಿದ್ದರು. ಕಳೆದ ಸೀಸನ್ನಿನಲ್ಲಿ ಹೆಚ್ಚೂಕಡಿಮೆ ಮೂರಕ್ಕೆ ಎರಡು ರೇಸ್ ನಾನು ಗೆದ್ದೆ, ಅದೂ ನನ್ನದಕ್ಕಿಂತ ಹಗುರವಾದ ದೋಣಿಯ ಎದುರು. ಈಗ ಅವರೇ ಹೇಗೆ ಅಂತ ಕೇಳುತ್ತಿದ್ದಾರೆ. ಬಹುಪಾಲು ಇಲ್ಲಿ ಬರೆದಿದ್ದೇನೆ.

ಕೆರೆ ನಮ್ಮ ತೋಟದ್ದು. ತುಂಬಿದಾಗ ಎಂಟು ಎಕರೆ ಇರಬಹುದು. ಪಡುವಣಕ್ಕೆ ಏರಿ, ಏರಿಯ ಕೆಳಗೆ ಗದ್ದೆ ಬಯಲು. ಗಾಳಿ ಬರುವುದು ಆ ಬಯಲಿನಿಂದ. ಏರಿಗೆ ಮುಖ ಮಾಡಿ ನಿಂತರೆ ಬಲಗಡೆ ಗುಡ್ಡ, ಅದರ ತುಂಬ ಎಪ್ಪತ್ತು ಅಡಿ ಸಿಲ್ವರ್ ಓಕ್. ಎಡಗಡೆ ರೋಬಸ್ಟಾ ಕಾಫಿಯ ಇಳಿಜಾರು, ಅಲ್ಲಲ್ಲಿ ಹಲಸು, ಬೀಟೆ. ರೇಸ್ ನಡೆಸಲು ಸಿಗುವುದು ಸೆಪ್ಟೆಂಬರಿನ ಹಬ್ಬ ಕೈಲ್‌ಪೊಳ್ದ್‌ನಿಂದ ವರ್ಷದ ಕೊನೆಯ ಸುಗ್ಗಿ ಹಬ್ಬ ಹುತ್ತರಿವರೆಗೆ ಮಾತ್ರ. ಆಮೇಲೆ ಕುಯಿಲು ಶುರು, ಕಣ ಬಿಟ್ಟು ಯಾರೂ ಬರುವುದಿಲ್ಲ. ಫೆಬ್ರುವರಿಯಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯಲು ಶುರು ಮಾಡಿದರೆ ಕೆರೆಯೇ ಅರ್ಧವಾಗುತ್ತದೆ.

ಎದುರಾಳಿ ಪಕ್ಕದ ತೋಟದ ಅಣ್ಣ. ಸೇನೆಯಲ್ಲಿದ್ದಾಗ ಇಬ್ಬರು ಕೂರುವ ಹಾಯಿದೋಣಿ ಎಂಟರ್‌ಪ್ರೈಸ್ ಓಡಿಸಿ ಪಳಗಿದವರು. ಸ್ಟಾರ್ಟ್‌ನಲ್ಲಿ ಒಮ್ಮೆ ಮುಂದೆ ಹೋದರೆ ನಮ್ಮ ಹಾಯಿಗೆ ಗಾಳಿ ತಾಗದಂತೆ ಗಾಳಿಯ ಮೇಲೆ ಕೂತುಬಿಡುತ್ತಾರೆ, ಕದಲಲು ಬಿಡುವುದಿಲ್ಲ. ಗಾಳಿಗೆ ಎದುರಾಗಿ ನೇರ ಹೋಗಲಾಗದು, ಓರೆಯಾಗಿ ಹೋಗಿ ಹಾಯಿಯ ಇನ್ನೊಂದು ಬದಿಗೆ ಗಾಳಿ ಬರುವಂತೆ ತಿರುಗಿಸಬೇಕು, ಅದೇ ಟ್ಯಾಕ್. ತಪ್ಪಿಸಿಕೊಳ್ಳಲು ನಾನು ಟ್ಯಾಕ್ ಮಾಡಿದರೆ ಅವರೂ ಟ್ಯಾಕ್. ನಮ್ಮಂಥ ಹನ್ನೊಂದು ಅಡಿ ದೋಣಿಗೆ ಒಂದು ಟ್ಯಾಕ್ ಅಂದರೆ ಒಂದೂವರೆ ದೋಣಿಯಷ್ಟು ನಷ್ಟ. ನನ್ನದು ಹತ್ತು ಕೆಜಿ ಹೆಚ್ಚು ಭಾರ, ಹಾಗಾಗಿ ಪ್ರತಿ ಟ್ಯಾಕ್‌ನಲ್ಲೂ ನನಗೇ ಹೆಚ್ಚು ಹೊಡೆತ.

ಮೊದಲು ಎಲ್ಲರಂತೆ ನಾನೂ ದುಡ್ಡು ಸುರಿದೆ. ಎರಡೂ ದೋಣಿ ಮಿರರ್ ಅನ್ನುವ ಸಣ್ಣ ಹಾಯಿದೋಣಿ ಮಾದರಿಯ ಹೊಲಿಗೆ-ಅಂಟಿನ ಕೆಲಸ: ಮೆರೈನ್ ಪ್ಲೈ ಹಾಳೆ ಕತ್ತರಿಸಿ, ತಾಮ್ರದ ತಂತಿಯಲ್ಲಿ ಹೊಲಿದು, ಜೋಡಣೆಗೆ ಫೈಬರ್ ಪಟ್ಟಿ, ಇಪಾಕ್ಸಿ. ಪ್ಲೈ, ಇಪಾಕ್ಸಿ, ಬಡಗಿ ಕೂಲಿ ಸೇರಿ ಐವತ್ತು ಸಾವಿರದ ಹತ್ತಿರ ಹೋಗಿತ್ತು. ಅದರ ಮೇಲೆ ಹೊಸ ಹಾಯಿಗೆ ಮೂವತ್ತು ಸಾವಿರ. ಆ ಹಾಯಿ ಹೊಲಿದವರು ಕೊಟ್ಟ ಅಳತೆಯನ್ನೇ ನೋಡಿರಲಿಲ್ಲ, ಲೀಚ್ (ಹಾಯಿಯ ಹಿಂದಿನ ಅಂಚು) ಸಡಿಲ, ಸಣ್ಣ ಗಾಳಿಗೂ ಪಟಪಟ. ಬಿಚ್ಚಿ ಮತ್ತೆ ಹೊಲಿಸಲು ಇನ್ನಷ್ಟು ಹಣ. ಡ್ಯಾಗರ್‌ಬೋರ್ಡಿಗೆ (ದೋಣಿ ಪಕ್ಕಕ್ಕೆ ಜಾರದಂತೆ ನೀರಿಗೆ ಇಳಿಸುವ ಹಲಗೆ) ಹಲಸಿನ ಮರ ಹಾಕಿಸಿದೆ, ಒಂದು ಮಳೆಗಾಲಕ್ಕೆ ಸೊಟ್ಟಗಾಯಿತು. ಇಷ್ಟಾದರೂ ದೋಣಿ ಅಣ್ಣನ ಹಿಂದೆಯೇ. ಹಾಯಿಗೆ ಹಾಕಿದ ದುಡ್ಡಿನಲ್ಲಿ ಒಂದು ಒಳ್ಳೆಯ ಪಂಪ್‌ಸೆಟ್ ಬರುತ್ತಿತ್ತು ಅಂತ ಮನೆಯಲ್ಲಿ ಈಗಲೂ ಹೇಳುತ್ತಾರೆ.

ದಾರಿ ತೋರಿಸಿದ್ದು ಕಾಫಿ ಹೊಟ್ಟಿನ ಹೊಗೆ. ಒಂದು ದಿನ ಏರಿಯ ಮೇಲೆ ಹೊಟ್ಟಿನ ರಾಶಿಗೆ ಬೆಂಕಿ ಬಿದ್ದು ಹೊಗೆ ಕೆರೆಯ ಮೇಲೆ ಹಾದುಹೋಯಿತು. ಒಂದಷ್ಟು ಹೊತ್ತು ನೇರ ಹೋದದ್ದು ನಿಧಾನ ಬಲದಿಂದ ಎಡಕ್ಕೆ ಹೊರಳಿತು, ಮತ್ತೆ ವಾಪಸ್. ಮರುದಿನದಿಂದ ಬೇಕೆಂದೇ ಹೊಟ್ಟು ಸುಟ್ಟೆ. ಬಿದಿರಿನ ಗಳುಗಳಿಗೆ ಹಳೆ ಕ್ಯಾಸೆಟ್ ಟೇಪ್ ಕಟ್ಟಿ ಏರಿಯ ಎರಡು ತುದಿಯಲ್ಲಿ, ತೂಬಿನ ಹತ್ತಿರ, ಗುಡ್ಡದ ಬುಡದಲ್ಲಿ ನೆಟ್ಟೆ. ಖರ್ಚು ಏನೂ ಇಲ್ಲ. ಗಡಿಯಾರ ಹಿಡಿದು ಕೂತರೆ, ಮಧ್ಯಾಹ್ನ ಎರಡರಿಂದ ನಾಲ್ಕೂವರೆವರೆಗೆ ಗಾಳಿ ನಾಲ್ಕೈದು ನಿಮಿಷಕ್ಕೊಮ್ಮೆ ತಿರುಗುತ್ತದೆ, ಸುಮಾರು ಹದಿನೈದು ಡಿಗ್ರಿ. ಮೋಡ ಮುಚ್ಚಿದ ದಿನ ಇದು ನಡೆಯುವುದಿಲ್ಲ. ನಾಲ್ಕೂವರೆ ಆದಮೇಲೆ ಗಾಳಿಯೂ ಸಾಯುತ್ತದೆ, ಆನೆಗಳು ನೀರಿಗೆ ಬರುವ ಹೊತ್ತೂ ಅದೇ, ಅಷ್ಟರಲ್ಲಿ ದೋಣಿ ದಡ ಸೇರಿರಬೇಕು.

ಇದನ್ನೆಲ್ಲ ಬರೆದಿಟ್ಟ ಪುಸ್ತಕ ತೋರಿಸಿದಾಗ ಅಣ್ಣ, "ಗಾಳಿ ಲೆಕ್ಕ ಯಾಕೆ ಮಾರಾಯ, ತೋಟದ ಲೆಕ್ಕ ಬರಿ" ಅಂದರು. ಆದರೆ ಹದಿನೈದು ಡಿಗ್ರಿ ಸಣ್ಣದಲ್ಲ. ಎರಡು ದೋಣಿ ಅಡ್ಡಕ್ಕೆ ಎಷ್ಟು ದೂರ ಇವೆಯೋ ಅದರ ಕಾಲುಭಾಗ, ಗಾಳಿ ತಿರುಗಿದ ಕಡೆ ಇರುವ ದೋಣಿಗೆ, ಹತ್ತು ಡಿಗ್ರಿಗೇ ಲಾಭ. ಹದಿನೈದಕ್ಕೆ ಮೂರನೇ ಒಂದಕ್ಕೂ ಹೆಚ್ಚು. ನಲವತ್ತು ಮೀಟರ್ ಅಂತರವಿದ್ದರೆ ನಾಲ್ಕು ದೋಣಿ ಉದ್ದ ಪುಕ್ಕಟೆ. ಹತ್ತು ಕೆಜಿ ತೂಕ ಅದರ ಮುಂದೆ ಏನು?

ಆದರೆ ಗಾಳಿಯ ಈ ತಿರುವು, ಅಂದರೆ ಶಿಫ್ಟ್, ಗೊತ್ತಿದ್ದ ಮಾತ್ರಕ್ಕೆ ಗೆಲುವು ಬರಲಿಲ್ಲ. ನಾನು ಶಿಫ್ಟ್ ಹಿಡಿದು ಟ್ಯಾಕ್ ಮಾಡಿದಾಗಲೆಲ್ಲ ಅವರು ನನ್ನನ್ನು ಕವರ್ ಮಾಡಲೆಂದೇ, ಅಂದರೆ ನನ್ನ ಗಾಳಿಗೆ ಅಡ್ಡ ಕೂರಲೆಂದೇ, ಟ್ಯಾಕ್ ಮಾಡುತ್ತಿದ್ದರು, ನನ್ನ ಲೆಕ್ಕದ ಲಾಭ ಅವರಿಗೂ ಸಿಗುತ್ತಿತ್ತು. ಒಂದಿಡೀ ಸೀಸನ್ ಹೀಗೇ ಹೋಯಿತು. ಹಿಂದಿದ್ದಾಗ ಕೆಲಸ ಮಾಡಿದ್ದು ಇದು: ಹೆಡರ್, ಅಂದರೆ ದೋಣಿಯ ಮೂತಿಯನ್ನು ಗುರಿಯಿಂದ ದೂರ ತಿರುಗಿಸುವ ಶಿಫ್ಟ್, ಬರಲು ಇನ್ನೂ ಅರ್ಧ ನಿಮಿಷ ಇರುವಾಗಲೇ ಟ್ಯಾಕ್ ಮಾಡುವುದು. ಅವರು ತಕ್ಷಣ ಹಿಂಬಾಲಿಸುತ್ತಾರೆ. ಅವರ ದೋಣಿ ವೇಗ ಹಿಡಿಯುವ ಮೊದಲೇ ನಾನು ವಾಪಸ್ ಟ್ಯಾಕ್. ಆಗ ಅವರು ಮತ್ತೆ ಟ್ಯಾಕ್ ಮಾಡಿದರೆ ನಿಂತ ನೀರಾಗುತ್ತಾರೆ, ಮಾಡದಿದ್ದರೆ ನನ್ನ ಗಾಳಿ ಬಿಟ್ಟುಹೋಗುತ್ತಾರೆ. ಬಿಟ್ಟರೆ ಸಾಕು, ಗಾಳಿ ಸ್ವಚ್ಛ, ಮುಂದಿನ ಹೆಡರ್‌ಗೆ ನನ್ನ ನಿಜವಾದ ಟ್ಯಾಕ್. ವಾಪಸ್ ಟ್ಯಾಕ್‌ಗೆ ಅವರ ದೋಣಿಯ ಯಾವ ಗುರುತು ನೋಡುತ್ತೇನೆ ಅನ್ನುವುದನ್ನು ಹೇಳುವುದಿಲ್ಲ, ಅಣ್ಣ ಇದನ್ನು ಓದುತ್ತಾರೆ.

ಮುಂದಿದ್ದಾಗ ಮಾಡುವುದು ಇನ್ನೂ ಮುಖ್ಯ, ನನ್ನ ಹೆಮ್ಮೆಯೂ ಅದೇ. ಸಿಲ್ವರ್ ಓಕ್ ಕಡೆ, ಅಂದರೆ ಬಲಗಡೆ, ದಡದಿಂದ ನಲವತ್ತು ಮೀಟರ್‌ವರೆಗೆ ಗಾಳಿ ಅರ್ಧಕ್ಕೆ ಇಳಿಯುತ್ತದೆ. ಎಡಗಡೆ ತೂಬಿನ ಹತ್ತಿರ ಗಾಳಿ ಸದಾ ಸ್ವಲ್ಪ ಬಾಗಿ ಲಿಫ್ಟ್ ಕೊಡುತ್ತದೆ, ಅಂದರೆ ದೋಣಿಯನ್ನು ಗುರಿಯ ಕಡೆಗೇ ತಿರುಗಿಸುತ್ತದೆ. ಅದಕ್ಕೆ, ಅವರು ಬಲಬದಿಯಿಂದ ಗಾಳಿ ಪಡೆದು, ಅಂದರೆ ಸ್ಟಾರ್‌ಬೋರ್ಡ್ ಟ್ಯಾಕ್‌ನಲ್ಲಿ ಎಡಕ್ಕೆ ಹೊರಟರೆ ನಾನು ಬಿಗಿ ಕವರ್, ಅವರ ಗಾಳಿಯ ಮೇಲೇ ಕೂರುತ್ತೇನೆ. ಎಡಬದಿಯಿಂದ ಗಾಳಿ ಪಡೆದು, ಅಂದರೆ ಪೋರ್ಟ್ ಟ್ಯಾಕ್‌ನಲ್ಲಿ ಬಲಕ್ಕೆ ಹೊರಟರೆ ಸಡಿಲ ಕವರ್, ದೂರ ನಿಂತು ಪೂರ್ತಿ ಗಾಳಿ ಬಿಟ್ಟುಕೊಡುತ್ತೇನೆ. ಎಡಕ್ಕೆ ಹೋದರೆ ಉಸಿರು ಕಟ್ಟುತ್ತದೆ, ಬಲಕ್ಕೆ ಹಾಯಾಗಿ ಓಡುತ್ತದೆ. ದೊಡ್ಡಿಗೆ ಹಸು ಹೊಡೆದಂತೆ, ಬೇಡದ ಕಡೆ ಕೋಲು ಹಿಡಿದು ನಿಂತರಾಯಿತು. ಎರಡು ಮೂರು ಟ್ಯಾಕ್‌ನಲ್ಲಿ ಅವರು ತಾವಾಗಿಯೇ ಮರದ ನೆರಳು ಸೇರಿರುತ್ತಾರೆ. ಇದನ್ನೆಲ್ಲ ನಾನು ಚುಕ್ಕಾಣಿಯ ಟಿಲ್ಲರ್ ಹಿಡಿದು ನೋಡುತ್ತ ಕೂರಲು ಆಗುವುದಿಲ್ಲ, ಗಡಿಯಾರ ಮತ್ತು ಅವರ ದಿಕ್ಕು ಹೇಳುವುದು ಜಿಬ್ (ಮುಂದಿನ ಸಣ್ಣ ಹಾಯಿ) ಹಿಡಿಯುವ ನನ್ನ ತಂಗಿ ಮಗನ ಕೆಲಸ. ಇಬ್ಬರೂ ಹಾಯಿ ನೋಡುತ್ತ ಕೂತ ದೋಣಿ ಗೆಲ್ಲುವುದಿಲ್ಲ.

ಎದುರಾಳಿಯನ್ನು ಹೀಗೆ ಓಡಿಸುವುದು ಆಟದ ಮರ್ಯಾದೆ ಅಲ್ಲ ಅಂದವರಿದ್ದಾರೆ. ಆದರೆ ಇದು ಒಲಿಂಪಿಕ್ಸ್‌ನಲ್ಲೇ ನಡೆದದ್ದು. 2000ರ ಸಿಡ್ನಿಯಲ್ಲಿ ಲೇಸರ್ ಅನ್ನುವ ಒಬ್ಬರ ಹಾಯಿದೋಣಿ ಕ್ಲಾಸಿನ ಕೊನೆಯ ರೇಸಿನಲ್ಲಿ ಬ್ರಿಟನ್ನಿನ ಬೆನ್ ಏನ್ಸ್ಲಿ ತಾನು ಮುಂದೆ ಹೋಗುವ ಗೋಜಿಗೇ ಹೋಗದೆ ಬ್ರೆಜಿಲಿನ ರಾಬರ್ಟ್ ಶೈಟ್ ಅವರ ಗಾಳಿ ತಡೆದು ಹಿಂದಕ್ಕೆ ಎಳೆದರು, ಚಿನ್ನ ಏನ್ಸ್ಲಿಗೆ. ಅದಕ್ಕೆ ನಾಲ್ಕು ವರ್ಷ ಮೊದಲು ಶೈಟ್‌ಗೆ ಚಿನ್ನ, ಏನ್ಸ್ಲಿಗೆ ಬೆಳ್ಳಿ. ನಿಯಮದೊಳಗೆ ಇರುವುದು ಮುಖ್ಯ. ನಾನು ಪೋರ್ಟ್‌ನಲ್ಲಿದ್ದರೆ ದಾರಿ ಬಿಡುತ್ತೇನೆ, ತಿರುವಿನ ಗುರುತಾಗಿ ತೇಲಿಬಿಟ್ಟ ಬಾಯ್ ಮುಟ್ಟಿದರೆ ಒಂದು ಸುತ್ತು ಹಾಕುತ್ತೇನೆ. ಬಾಯ್ ಅಂದರೆ ನಮ್ಮಲ್ಲಿ ಕೆಂಪು ಬಣ್ಣ ಬಳಿದ ಇಪ್ಪತ್ತು ಲೀಟರ್ ಕ್ಯಾನ್.

ಒಂದು ವಿಷಯ ಗಮನದಲ್ಲಿರಲಿ. ಮರಗಸಿ ಆದ ವರ್ಷ ಲೆಕ್ಕವೆಲ್ಲ ಬದಲಾಗುತ್ತದೆ. ಎಡಗಡೆಯ ಮರಗಳ ಕೊಂಬೆ ಇಳಿಸಿದ ಮೇಲೆ ತೂಬಿನ ಲಿಫ್ಟ್ ಇಪ್ಪತ್ತು ಮೀಟರ್ ಆಚೆ ಸರಿಯಿತು, ಅದನ್ನು ಹುಡುಕಲು ಮತ್ತೆ ಹೊಟ್ಟು ಸುಡಬೇಕಾಯಿತು. ನೀರು ನಾಲ್ಕು ಅಡಿ ಇಳಿದರೂ ಅಷ್ಟೇ, ಏರಿಯೇ ಗಾಳಿಗೆ ಅಡ್ಡ ನಿಲ್ಲುತ್ತದೆ. ಆಗ ಮೇಲಿನ, ಅಂದರೆ ಗಾಳಿ ಬರುವ ಕಡೆಯ, ಬಾಯ್ ಅನ್ನು ಏರಿಯಿಂದ ಕನಿಷ್ಠ ಮೂವತ್ತು ಮೀಟರ್ ದೂರ ಇಡಿ, ಇಲ್ಲವಾದರೆ ಮುಂದಿದ್ದವರು ಅಲ್ಲಿ ನಿಂತು ಹಿಂದಿನವರು ಬಂದು ಸೇರುತ್ತಾರೆ.

ಈ ಸೆಪ್ಟೆಂಬರಿಗೆ ಗೋಣಿಕೊಪ್ಪದಿಂದ ಮೂರನೇ ದೋಣಿ ಬರುತ್ತಿದೆ. ಒಬ್ಬರನ್ನು ಬಲಕ್ಕೆ ತಳ್ಳುವಾಗ ಇನ್ನೊಬ್ಬರು ಎಡದಿಂದ ಸುಮ್ಮನೆ ಹೋಗಿಬಿಡುತ್ತಾರೆ, ಬಿಗಿ ಕವರ್ ಅಷ್ಟಾಗಿ ನಡೆಯುವುದಿಲ್ಲ. ಗಡಿಯಾರದ ಲೆಕ್ಕ ಹಾಗೇ ಇಟ್ಟುಕೊಂಡು ಇಬ್ಬರಿಗೂ ಎಡದಲ್ಲೇ ನಿಲ್ಲುವುದನ್ನು ಮೊದಲು ನೋಡುತ್ತೇನೆ. ಅಣ್ಣನ ತೋಟದ ಕಡೆಯ ದಡದಲ್ಲೂ ಈಗ ಟೇಪ್ ಕಟ್ಟಿದ ಎರಡು ಗಳು ಎದ್ದಿವೆ.