ಮನೆಯಲ್ಲಿ ಒಬ್ಬ, ಶಾಲೆಯಲ್ಲಿ ಒಬ್ಬಳು

2012ರಲ್ಲಿ ನಮ್ಮ ಮಗಳಿಗೆ ಆರು ವರ್ಷ ತುಂಬಿದಾಗ, ಶಿರಸಿ ತಾಲ್ಲೂಕಿನ ನಮ್ಮ ತೋಟದ ಮನೆಯಿಂದ ಶಾಲೆಗೆ ಇದ್ದದ್ದು ಎರಡೇ ದಾರಿ: ಎರಡೂವರೆ ಕಿಲೋಮೀಟರ್ ನಡೆದು ಸರ್ಕಾರಿ ಶಾಲೆಗೆ ಹೋಗುವುದು, ಇಲ್ಲವೇ ಬೆಳಿಗ್ಗೆ ಏಳೂವರೆಗೇ ವ್ಯಾನ್ ಹತ್ತಿ ಪೇಟೆಯ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವುದು. ನಾನೂ ನನ್ನ ಹೆಂಡತಿಯೂ ಪದವಿ ಓದಿದವರು, ತೋಟದ ಕೆಲಸದವರಾದ್ದರಿಂದ ಹಗಲೆಲ್ಲ ಮನೆಯಲ್ಲೇ ಇರುವವರು. ಅರ್ಧ ಧೈರ್ಯ, ಅರ್ಧ ಜಂಬ ಸೇರಿ ನಾವೇ ಕಲಿಸುವುದೆಂದು ತೀರ್ಮಾನಿಸಿದೆವು.

2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆನ್ನುತ್ತದೆ. ಸೇರಿಸದ ಪೋಷಕರಿಗೆ ಅದರಲ್ಲಿ ದಂಡ ಹೇಳಿಲ್ಲ. ನಮಗೆ ಹೆಚ್ಚು ಧೈರ್ಯ ಕೊಟ್ಟದ್ದು ಅದೇ ಕಾಯ್ದೆಯ ನಾಲ್ಕನೇ ಸೆಕ್ಷನ್. ಶಾಲೆಗೆ ಸೇರದೆ ಉಳಿದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕೆಂದು ಅಲ್ಲಿ ಇದೆ. ಅಂದರೆ ಮನಸ್ಸು ಬದಲಾದರೂ ಬಾಗಿಲು ಮುಚ್ಚುವುದಿಲ್ಲ.

ಮೊದಲ ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಅಡಿಕೆ ಸುಲಿಯುವ ದಿನಗಳಲ್ಲಿ, ಯಾರು ಎಷ್ಟು ಡಬ್ಬ ಸುಲಿದರೆಂದು ಬರೆದಿಡುವ ಕೆಲಸ ಮಗಳದ್ದಾಯಿತು. ಮೆಟ್ಟುಗತ್ತಿಯ ಮುಂದೆ ಕುಳಿತ ಹೆಂಗಸರು ಡಬ್ಬ ತುಂಬಿದೊಡನೆ ಅವಳನ್ನು ಕೂಗುತ್ತಿದ್ದರು; ಅವಳು ಹೆಸರಿನ ಮುಂದೆ ಗೀಟು ಎಳೆದು, ರಾತ್ರಿ ಗೀಟುಗಳನ್ನು ಎಣಿಸಿ, ಡಬ್ಬಕ್ಕೆ ಇಷ್ಟೆಂಬ ಕೂಲಿಯಿಂದ ಗುಣಿಸಿ ಹೇಳುತ್ತಿದ್ದಳು. ಅರ್ಧ ಡಬ್ಬ ಬಂದ ದಿನ ಭಿನ್ನರಾಶಿಯನ್ನು ನಾನು ಕಲಿಸಬೇಕಾಗಲಿಲ್ಲ, ಕೂಲಿ ಪಡೆಯುವವರೇ ಕಲಿಸಿದರು.

ತೊಡಕು ಕಂಡದ್ದು ಮೂರನೆಯ ವರ್ಷ. ಮೇಜಿನ ಬಳಿ ಕುಳಿತು ಲೆಕ್ಕ ಮಾಡುವಾಗ ಅವಳು ಪ್ರತಿ ಸಾಲಿಗೂ ತಲೆಯೆತ್ತಿ ನನ್ನ ಮುಖ ನೋಡುತ್ತಿದ್ದಳು. ನನ್ನ ಹುಬ್ಬು ಸ್ವಲ್ಪ ಗಂಟಿಕ್ಕಿದರೆ ಸಾಕು, ರಬ್ಬರು ಕೈಗೆ ಬರುತ್ತಿತ್ತು. ‘ಅಪ್ಪಾ, ಸರಿ ಇದ್ದಾ?’ ಎಂದು ಕೇಳುವುದನ್ನೂ ಬಿಟ್ಟಿದ್ದಳು, ಏಕೆಂದರೆ ಉತ್ತರ ನನ್ನ ಹುಬ್ಬಿನಲ್ಲೇ ಸಿಗುತ್ತಿತ್ತು. ಒಮ್ಮೆ ಸರಿಯಾದ ಲೆಕ್ಕವನ್ನೇ, ನಾನು ಇನ್ನೇನನ್ನೋ ನೆನೆದು ಮುಖ ಸಿಂಡರಿಸಿದ್ದಕ್ಕೆ ಅಳಿಸಿಬಿಟ್ಟಳು. ಪಠ್ಯಪುಸ್ತಕ ಬದಲಿಸಿ ಸರಿಪಡಿಸಬಹುದಾದ ದೋಷ ಅದಾಗಿರಲಿಲ್ಲ. ಕಲಿಸುವವನೂ ತಂದೆಯೂ ಒಬ್ಬನೇ ಆದದ್ದೇ ಅದರ ಮೂಲವೆಂದು ನನಗೆ ಅನಿಸಿತು. 2016ರಲ್ಲಿ ಅವಳನ್ನು ಸರ್ಕಾರಿ ಶಾಲೆಯ ಐದನೇ ತರಗತಿಗೆ ಸೇರಿಸಿದೆವು. ಟಿ.ಸಿ. ಎಲ್ಲಿ ಎಂಬ ಪ್ರಶ್ನೆಗೆ ನಾಲ್ಕನೇ ಸೆಕ್ಷನ್ನಿನ ಪ್ರತಿಯನ್ನೇ ಕೊಟ್ಟೆ. ಇಪ್ಪತ್ತೆಂಟು ಮಕ್ಕಳ ನಡುವೆ ಯಾರೂ ಅವಳ ಒಂದೊಂದು ಸಾಲನ್ನೂ ಕಾಯುತ್ತಿರಲಿಲ್ಲ. ತಪ್ಪನ್ನು ತಪ್ಪಾಗಿಯೇ ಬರೆದು ಮುಂದಿನ ಲೆಕ್ಕಕ್ಕೆ ಹೋಗುವುದನ್ನು ಅಲ್ಲಿ ಕಲಿತಳು.

ಅದೇ ವರ್ಷ ಮಗ ಅದೇ ಶಾಲೆಯ ಒಂದನೇ ತರಗತಿಗೆ ಸೇರಿದ. ಮೊದಲ ಮೂರು ತರಗತಿಗಳಲ್ಲಿ ಮಕ್ಕಳು ಕಾರ್ಡುಗಳ ಮೂಲಕ ಆಡುತ್ತಾ ಕಲಿಯುವ ‘ನಲಿ-ಕಲಿ’ ಪದ್ಧತಿಯ ಮೂರು ವರ್ಷ ಅವನಿಗೆ ಹಬ್ಬವೇ ಆಗಿತ್ತು: ತನ್ನ ಕಾರ್ಡು, ತನ್ನ ವೇಗ, ಗೋಡೆಯ ಕೆಳಗೆ ಕೈಗೆಟುಕುವ ಕಪ್ಪು ಹಲಗೆ. ನಾಲ್ಕನೆಯ ತರಗತಿಯಲ್ಲಿ ಎದ್ದುನಿಂತು ಗಟ್ಟಿಯಾಗಿ ಓದುವ ಸರದಿ ಬಂದಾಗ, ಮಾತಿನಲ್ಲಿ ಉಗ್ಗುವ ಹುಡುಗನಿಗೆ ಪ್ರತಿ ಸೋಮವಾರ ಹೊಟ್ಟೆನೋವು ಶುರುವಾಯಿತು. ಅಕ್ಕನಿಗೆ ಹಿತವಾದ ಗದ್ದಲವೇ ಇವನಿಗೆ ಆಗದು ಎಂಬುದನ್ನು ಒಪ್ಪಿಕೊಳ್ಳಲು ನನಗೆ ಕೆಲವು ತಿಂಗಳು ಬೇಕಾದವು.

ಈ ಸಲ ಹೆಂಡತಿ ಒಂದು ಷರತ್ತು ಹಾಕಿದಳು. ಮಗಳ ಕಾಲದಲ್ಲಿ ‘ನಾವು ಕಲಿಸಿದೆವು’ ಎಂದು ಊರಿಗೆಲ್ಲ ಹೇಳಿಕೊಂಡವನು ನಾನು. ಅಡುಗೆ, ಕೊಟ್ಟಿಗೆಗಳ ನಡುವೆ ದಿನದ ಮುಕ್ಕಾಲು ಪಾಠ ಮಾಡಿದವಳು ಅವಳು. ಬೆಳಗಿನ ಮೂರು ಗಂಟೆ ಪೂರ್ತಿ ನನ್ನ ಜವಾಬ್ದಾರಿಯಾದರೆ ಮಾತ್ರ ಮಗ ಮನೆಗೆ, ಇಲ್ಲದಿದ್ದರೆ ಇಲ್ಲ. ಒಪ್ಪಿದೆ, ಹುಬ್ಬಿನ ಬುದ್ಧಿ ಬಂದದ್ದರಿಂದ ಅವನು ಲೆಕ್ಕ ಮಾಡುವಾಗ ಎದ್ದು ಅಂಗಳಕ್ಕೆ ಹೋಗುವ ರೂಢಿ ಮಾಡಿಕೊಂಡೆ. 2019ರ ಕೊನೆಯಲ್ಲಿ ಅವನ ಟಿ.ಸಿ. ಪಡೆದು ಜೋಪಾನವಾಗಿಟ್ಟೆವು. ಮರುವರ್ಷ ಕೊರೊನಾ ಬಂದು ಎಲ್ಲರ ಮಕ್ಕಳೂ ಮನೆಯಲ್ಲೇ ಉಳಿದಾಗ ನಮ್ಮನ್ನು ಪ್ರಶ್ನಿಸುವವರೇ ಇರಲಿಲ್ಲ.

14 ತುಂಬಿದ ಮೇಲೆ ಅವನನ್ನು ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಹತ್ತನೇ ತರಗತಿಗೆ ನೋಂದಾಯಿಸಿದೆವು. ಒಂದು ಭಾಷೆಯಾದರೂ ಇರುವಂತೆ ಐದು ವಿಷಯಗಳಲ್ಲಿ ಉತ್ತೀರ್ಣನಾದರೆ ಸಾಕು; ನೋಂದಣಿ ಐದು ವರ್ಷ ನಡೆಯುವುದರಿಂದ ಒಂದೇ ಸಲಕ್ಕೆ ಎಲ್ಲವನ್ನೂ ಬರೆಯಬೇಕೆಂದಿಲ್ಲ. ಅವನು ಮೂರು ವಿಷಯ ಒಮ್ಮೆ, ಎರಡು ಇನ್ನೊಮ್ಮೆ ಬರೆದು ಮುಗಿಸಿದ. ಈಗಲೂ ಗಟ್ಟಿಯಾಗಿ ಓದುವಾಗ ಉಗ್ಗುತ್ತಾನೆ. ಪಿಯುಸಿಗೆ ಪೇಟೆಯ ಕಾಲೇಜಿಗೇ ಹೋಗಬೇಕೆಂಬುದು ಅವನದೇ ತೀರ್ಮಾನ. ಅರ್ಜಿಯನ್ನೂ ಅವನೇ ತುಂಬಿದ.